ಹೆಸರಿನಲ್ಲಿದ್ದ ಹಿಪ್ಪಲಿ

ಆ ತಿಂಗಳು ನನ್ನ ಹತ್ತು ಬೆರಳೂ ಹಳದಿಯಾಗಿದ್ದವು. ಪಿಕ್ರಿಕ್ ಆಮ್ಲದ ಬಣ್ಣ ಒಮ್ಮೆ ಚರ್ಮಕ್ಕೆ ಹತ್ತಿದರೆ ಸಾಬೂನಿಗೂ ಹೋಗದು, ಸೀಗೆಪುಡಿಗೂ ಹೋಗದು. ಸಯನ್‌ನಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೈನಿನ ಲೋಕಲ್ ಹಿಡಿದು ಸಾಂತಾಕ್ರೂಜ್. ಇದು ನನ್ನ ನಿತ್ಯದ ದಾರಿ. ಒಂದು ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಎದುರಿಗೆ ಕೂತ ಹೆಂಗಸು ನನ್ನ ಕೈ ನೋಡಿ, “ಹಳದ್ ಲಾಗಲೀ ಕಾಯ್? ಲಗ್ನ ಕಧೀ?” ಎಂದಳು. ಮದುವೆಯ ಅರಿಶಿನ ಎಂದುಕೊಂಡಿದ್ದಳು. ಹೌದೆಂದರೆ ಮಾತು ಬೆಳೆಯುತ್ತದೆ, ಅಲ್ಲವೆಂದರೆ ಇನ್ನೂ ಬೆಳೆಯುತ್ತದೆ. ನಾನು ನಕ್ಕು ಕಿಟಕಿಯಾಚೆ ನೋಡಿದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮುಂಬಯಿಯ ಸಯನ್‌ನಲ್ಲಿ ಅಣ್ಣ-ಅತ್ತಿಗೆಯ ಜೊತೆ ಇದ್ದುಕೊಂಡು, ಸಾಂತಾಕ್ರೂಜ್‌ನ ಒಂದು ಸಣ್ಣ ಔಷಧಿ ಕಂಪನಿಯ ಲ್ಯಾಬಿಗೆ ಹೋಗುತ್ತಿದ್ದೆ. ಲ್ಯಾಬ್ ಎಂದರೆ ತಗಡಿನ ಮಾಡಿನ ಶೆಡ್ಡಿನ ಒಂದು ಮೂಲೆ. ಅಲ್ಲಿ ಇದ್ದವರು ಇಬ್ಬರು: ನಾನು ಮತ್ತು ಧಾರವಾಡ ಕಡೆಯ ದೊಡ್ಡ ಕೆಮಿಸ್ಟರು. ಅರವತ್ತರ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ, ಊಟದ ಡಬ್ಬಿಯಲ್ಲಿ ಜೋಳದ ರೊಟ್ಟಿ. ಮಧ್ಯಾಹ್ನ ಅದರಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟೇ ಉಣ್ಣುವರು. ಬೇಡವೆಂದರೆ, “ನಿಮ್ಮ ಮೈಸೂರು ಮಂದಿ ಬರೇ ಅನ್ನಾ ಉಂಡು ತೂಕ ಮಾಡ್ಲಿಕ್ಕೆ ಬರ್ತೀರಿ. ಕೈ ನಡುಗ್ತದ” ಎನ್ನುವರು.

ತೂಕವೇ ನಮ್ಮ ಕೆಲಸ. ಕಂಪನಿ ಮಕ್ಕಳ ಜಂತುಹುಳುವಿಗೆ ಹೊಸ ಸಿರಪ್ ತಯಾರಿಸಹೊರಟಿತ್ತು. ಔಷಧದ ಹೆಸರು ಪಿಪೆರಜಿನ್. ಅದುವರೆಗೆ ಹುಳದ ಔಷಧಿ ಎಂದರೆ ಹರಳೆಣ್ಣೆ, ಉಪವಾಸ, ಮಕ್ಕಳ ಅಳು. ಇದಕ್ಕೆ ಅವು ಯಾವುದೂ ಬೇಕಿರಲಿಲ್ಲ. ಹುಳು ಸಾಯುವುದಿಲ್ಲ, ಜೋಮು ಹಿಡಿದಂತಾಗಿ ಕರುಳಿನ ಹಿಡಿತ ಬಿಟ್ಟು ಹೊರಬೀಳುತ್ತದೆ. ಪರದೇಶದಿಂದ ಬಂದ ಬಿಳಿಯ ಪುಡಿಯನ್ನು ಸಕ್ಕರೆ ಪಾಕಕ್ಕೆ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಕಿತ್ತಳೆಯ ಎಸೆನ್ಸ್ ಹಾಕಿ ಬಾಟಲಿಗೆ ತುಂಬಬೇಕು. ಪ್ರತಿ ಬ್ಯಾಚಿನಲ್ಲೂ ಔಷಧ ಸರಿಯಾದ ಪ್ರಮಾಣದಲ್ಲಿದೆಯೇ ಎಂದು ನಾನು ನೋಡಬೇಕು. ಸಿರಪ್ಪಿನ ಒಂದಿಷ್ಟನ್ನು ಅಳೆದು, ಪಿಕ್ರಿಕ್ ಆಮ್ಲದ ದ್ರಾವಣ ಸುರಿದರೆ ಹಳದಿ ಹರಳು ತಳ ಹಿಡಿಯುತ್ತದೆ. ಅದನ್ನು ಸೋಸಿ, ತೊಳೆದು, ಒಣಗಿಸಿ ತೂಗಬೇಕು. ಹರಳು ಕೂರುವವರೆಗೆ ಕಾಯುವುದೊಂದೇ ಕೆಲಸ.

ಹಾಗೆ ಕಾಯುತ್ತಿದ್ದಾಗಲೇ ಒಂದು ದಿನ ದೊಡ್ಡ ಕೆಮಿಸ್ಟರು ಕೇಳಿದರು. “ತಂಗಿ, ಈ ಪಿಪೆರಜಿನ್ ಅನ್ನೂ ಹೆಸರು ಎಲ್ಲಿಂದ ಬಂತು, ವಿಚಾರ ಮಾಡೀಯೇನು?”

“ಇಲ್ಲ ಸರ್.”

“ಮೆಣಸಿನಕಾಳಿನೊಳಗ ಪಿಪೆರಿನ್ ಅಂತ ಇರ್ತದ. ಖಾರ ಅದರದೇ. ಅದನ್ನ ಒಡದ್ರ ಪಿಪೆರಿಡಿನ್ ಬರ್ತದ. ಐದು ಕಾರ್ಬನ್, ಒಂದು ನೈಟ್ರೋಜನ್ ಕೈ ಕೈ ಹಿಡಕೊಂಡು ಕುಂತ ಉಂಗುರ. ಆ ಉಂಗುರದೊಳಗ ಒಂದು ಕಾರ್ಬನ್ ಎಬ್ಬಿಸಿ, ಅದರ ಜಾಗಾದಾಗ ಇನ್ನೊಂದು ನೈಟ್ರೋಜನ್ ಕೂಡ್ಸು. ಅದು ಪಿಪೆರಜಿನ್. ನೈಟ್ರೋಜನ್ನಿಗೆ ಫ್ರಾನ್ಸಿನವರು ಅಜೋಟ್ ಅಂತಾರ. ಆ ‘ಅಜ’ ಬಂದು ಹೆಸರಿನ ನಡಕ ಸೇರ್ಕೊಂಡದ.”

“ಹಾಗಾದರೆ ಇದು ಮೆಣಸಿನಿಂದ ಬಂದದ್ದೇ?”

“ಎಲ್ಲೀ ಮೆಣಸು!” ಎಂದು ನಕ್ಕರು. “ಇದನ್ನ ಕಾರ್ಖಾನ್ಯಾಗ ಬ್ಯಾರೇ ಸಾಮಾನಿನಿಂದ ಮಾಡ್ತಾರ. ಉಂಗುರ ಉಂಗುರಕ್ಕ ಹೋಲ್ತದ, ಅಷ್ಟ. ಅಜ್ಜೀ ಹೆಸರು ಮೊಮ್ಮಗಳಿಗಿಟ್ರ ಅಜ್ಜೀ ಕೈರುಚಿ ಬರ್ತದೇನು?”

ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದ್ದೆ. ಮುಂದೆ ಆದದ್ದನ್ನು ಹೇಳುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು.

ಹೆಸರು ನನ್ನನ್ನು ಬಿಡಲಿಲ್ಲ. ಶನಿವಾರ ಅರ್ಧ ದಿನ ರಜೆ. ಫೋರ್ಟಿನ ಒಂದು ಲೈಬ್ರರಿಗೆ ಹೋಗಿ ದೊಡ್ಡ ದೊಡ್ಡ ನಿಘಂಟುಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಪಿಪೆರಿನ್‌ನ ಹಿಂದೆ ಲ್ಯಾಟಿನ್ನಿನ ‘ಪಿಪೆರ್’ ಇತ್ತು, ಮೆಣಸು ಎಂದರ್ಥ. ಅದರ ಹಿಂದೆ ಗ್ರೀಕರ ‘ಪೆಪೆರಿ’. ಅದರ ಹಿಂದೆ, ಹಡಗು ಹತ್ತಿ ಹೋದ ನಮ್ಮ ‘ಪಿಪ್ಪಲಿ’. ನಾನು ಪುಟದ ಮೇಲೆ ಬೆರಳಿಟ್ಟು ಹಾಗೇ ಕೂತೆ. ಪಾಲು ಹಾಲಾದಂತೆ, ಪಾವು ಹಾವಾದಂತೆ, ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ. ಕೆಮ್ಮಿದಾಗಲೆಲ್ಲ ಅಜ್ಜಿ ಜೇನಿನಲ್ಲಿ ತೇಯ್ದು ನಾಲಿಗೆಗೆ ಸವರುತ್ತಿದ್ದ ಹಿಪ್ಪಲಿ! ಗ್ರೀಕರು ಲಕಾರವನ್ನು ರಕಾರ ಮಾಡಿದರು, ನಾವು ಪಕಾರವನ್ನು ಹಕಾರ ಮಾಡಿದೆವು. ಒಂದೇ ಮಾತು ಎರಡು ದಿಕ್ಕಿಗೆ ಹೋಗಿ, ಸಾಂತಾಕ್ರೂಜ್‌ನ ತಗಡಿನ ಶೆಡ್ಡಿನಲ್ಲಿ ನನ್ನ ಬೀಕರಿನೊಳಗೆ ಸಂಧಿಸಿತ್ತು. ಅಂದು ದಾರಿಯುದ್ದಕ್ಕೂ ನನಗೆ ಯಾರಿಗಾದರೂ ಹೇಳಬೇಕೆಂಬ ತವಕ.

ಹೇಳುವ ಅವಕಾಶ ಬೇಗನೇ ಬಂತು. ಬಾಟಲಿಯ ಜೊತೆ ಡಬ್ಬಿಯಲ್ಲಿ ಇಡುವ ಮಡಿಸಿದ ಕಾಗದಕ್ಕೆ ಔಷಧಿ ಕಂಪನಿಗಳಲ್ಲಿ ‘ಲಿಟರೇಚರ್’ ಎನ್ನುತ್ತಾರೆ. ನಮ್ಮ ಸರಕು ಹುಬ್ಬಳ್ಳಿಗೂ ಮಂಗಳೂರಿಗೂ ಹೋಗುತ್ತಿದ್ದುದರಿಂದ, ಮುಂಬಯಿಯಲ್ಲೂ ನಮ್ಮವರು ಬೇಕಾದಷ್ಟು ಇದ್ದುದರಿಂದ, ಕನ್ನಡದ ಲಿಟರೇಚರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲ ಸಾಲು ಹೀಗೆ ಬರೆದೆ: “ಪಿಪೆರಜಿನ್! ಈ ಹೆಸರಿನಲ್ಲೇ ನಮ್ಮ ಅಜ್ಜಿಯರ ಹಿಪ್ಪಲಿ ಅಡಗಿದೆ.”

ದೊಡ್ಡ ಕೆಮಿಸ್ಟರು ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. “ವಾಕ್ಯ ಚಂದ ಅದ. ಖರೇನೂ ಅದ. ಆದ್ರ ತಂಗಿ, ಓದೂ ಮಂದಿ ಹೆಸರು ಕುಡಿಯೂದಿಲ್ಲ, ಔಷಧ ಕುಡೀತಾರ.”

“ಹೆಸರಿನಲ್ಲಿ ಅಂತಲೇ ಬರೆದಿದ್ದೇನಲ್ಲ ಸರ್. ಔಷಧದಲ್ಲಿ ಅಂತ ಎಲ್ಲೂ ಬರೆದಿಲ್ಲ.”

ನನ್ನ ದನಿ ಸ್ವಲ್ಪ ಏರಿರಬೇಕು. ಅವರು ನನ್ನ ಮುಖ ನೋಡಿದರು, ಏನೋ ಹೇಳಹೊರಟವರು ಬಿಟ್ಟು, ಕೆಳಗೆ ಸಹಿ ಹಾಕಿದರು.

ಕಂಪನಿಯ ಮಾಲೀಕರಾದ ಸೇಠರಿಗಂತೂ ಆ ಸಾಲು ಬಲು ಇಷ್ಟವಾಯಿತು. ಗುಜರಾತಿನವರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಯ್ಲರಿಗೆ ಕೈಮುಗಿಯುವ ಮನುಷ್ಯ. “ವಾಹ್ ಬೇನ್! ಯೇ ತೋ ಹೆಡ್ಡಿಂಗ್ ಹೈ!” ಎಂದು ಅದನ್ನು ಮರಾಠಿಗೂ ಗುಜರಾತಿಗೂ ಮಾಡಿಸಿದರು. ಅಚ್ಚಿನಲ್ಲಿ ಅದು ದಪ್ಪ ಅಕ್ಷರವಾಯಿತು, ಪಕ್ಕದಲ್ಲಿ ಹಿಪ್ಪಲಿಯ ಚಿತ್ರ ಕೂತಿತು. ಜಾಗ ಸಾಲದೆ ಪ್ರಮಾಣದ ಸಾಲು ಕಾಗದದ ತಳಕ್ಕೆ ಇಳಿದು ಸಣ್ಣ ಅಕ್ಷರವಾಯಿತು: “ವಯೋಮಾನಾನುಸಾರ ದಿನಕ್ಕೊಮ್ಮೆ ಒಂದು ಅಥವಾ ಎರಡು ಡ್ರಾಮ್ ಸೇವಿಸತಕ್ಕದ್ದು.” ಅದೂ ನಾನೇ ಬರೆದದ್ದು.

ಮೊದಲ ಬ್ಯಾಚಿನ ಒಂದು ಬಾಟಲಿಯನ್ನು ಮನೆಗೆ ತಂದೆ. ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನ ಮನೆ ಉಡುಪಿ ಕಡೆಯವರದು. ಗಂಡ ಮಾಟುಂಗಾದ ಹೋಟೆಲಿನಲ್ಲಿ ಅಡುಗೆಯವರು. ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಗೋಳಿಬಜೆ ಕರಿದರೆ ಒಂದು ತಟ್ಟೆ ನಮ್ಮ ಮನೆಗೆ ಬಾರದೆ ಅವರು ತಾವು ತಿನ್ನುವವರಲ್ಲ. ಐದು ವರ್ಷದ ಮಗಳಿಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಹೊಟ್ಟೆನೋವು. ಹುಳ ಎಂದು ಡಿಸ್ಪೆನ್ಸರಿಯ ಡಾಕ್ಟರೂ ಹೇಳಿದ್ದರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಅವರ ಬಾಗಿಲಲ್ಲೇ ನಿಂತು, ಡಬ್ಬಿಯೊಳಗಿನ ಕಾಗದ ಬಿಡಿಸಿ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. “ಇದರ ತಯಾರಿಯಲ್ಲಿ ನಾನೂ ಇದ್ದೆ ಅಕ್ಕ” ಎಂದೆ. ಬರೆದದ್ದೂ ನಾನೇ ಎನ್ನಲು ಸಂಕೋಚವಾಯಿತು.

“ಹಿಪ್ಪಲಿಯಾ?” ಅಕ್ಕನ ಮುಖ ಅರಳಿತು. “ಹಾಗಾದ್ರೆ ಎಂತ ಹೆದರಿಕೆ ಇಲ್ಲ ಮಾರಾಯ್ತಿ. ಇಂಗ್ಲಿಷ್ ಮದ್ದು ಅಂದ್ರೆ ನನಗೆ ಕೈಕಾಲು ನಡುಗ್ತದೆ.”

ಲೋಕಲ್ ತಪ್ಪುತ್ತದೆಂದು ನಾನು ಮೆಟ್ಟಿಲಿಳಿದೆ. ಕಾಗದದ ತಳದ ಸಾಲನ್ನು ಓದಲಿಲ್ಲ.

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಎದುರು ಮನೆಯಿಂದ ಕೂಗು ಕೇಳಿ ಅತ್ತಿಗೆಯೂ ನಾನೂ ಓಡಿದೆವು. ಮಗು ಹಾಸಿಗೆಯಿಂದೆದ್ದು ನಿಂತದ್ದೇ ಕುಸಿದು ಬಿದ್ದಿತ್ತಂತೆ. ಎತ್ತಿ ನಿಲ್ಲಿಸಿದರೆ ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು ವಾಲಿತು. ನೀರಿನ ಲೋಟಕ್ಕೆ ಕೈ ಚಾಚಿದರೆ ಕೈ ಲೋಟದ ಪಕ್ಕಕ್ಕೆ ಹೋಯಿತು. ಹಿಂದಿನ ವರ್ಷ ನಮ್ಮ ಓಣಿಯಲ್ಲೇ ಒಂದು ಮಗುವಿಗೆ ಜ್ವರ ಬಂದು ಕಾಲು ಹೋಗಿತ್ತು. ಅಲ್ಲಿದ್ದ ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರು, ಪೋಲಿಯೊ. ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಬರಿಗಾಲಲ್ಲೇ ಆಸ್ಪತ್ರೆಯ ಕಡೆ ಓಡಿದರು. ನಾನು ಹಿಂದೆಯೇ ಓಡಿದೆ. ಓಡುವಾಗ ಯಾಕೋ ಅವರ ಮನೆಯ ಗೂಡಿನಲ್ಲಿದ್ದ ಬಾಟಲಿಯನ್ನು ಕೈಗೆತ್ತಿಕೊಂಡಿದ್ದೆ. ರಸ್ತೆಯಲ್ಲಿ ನೋಡಿದರೆ ಅದು ಖಾಲಿಯಾಗುತ್ತ ಬಂದಿತ್ತು.

ಆಸ್ಪತ್ರೆಯಲ್ಲಿ ಇದ್ದದ್ದು ನನಗಿಂತ ಎರಡು-ಮೂರು ವರ್ಷ ದೊಡ್ಡವಳಾದ ಒಬ್ಬ ಡಾಕ್ಟರು, ಮರಾಠಿಯವಳು. ಮಗುವಿನ ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಳು. ಕಾಲು ಚಿಮ್ಮಿತು. ಕುತ್ತಿಗೆ ಬಗ್ಗಿಸಿ ನೋಡಿದಳು, ಜ್ವರ ನೋಡಿದಳು. “ಪೋಲಿಯೊ ವಾಟತ್ ನಾಹೀ” ಎಂದಳು, ಹಾಗೆ ಕಾಣುವುದಿಲ್ಲ ಎಂದು. ಆಮೇಲೆ, ಏನು ಕೊಟ್ಟಿದ್ದೀರಿ ಎಂದು ಕೇಳಿದಳು.

ಅಕ್ಕನಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಕನ್ನಡದಲ್ಲಿ ನನಗೆ ಹೇಳಿದರು. “ನಾನೇ ಕೊಟ್ಟದ್ದು. ಮೂರು ಹೊತ್ತು ಊಟ ಆದ್ಮೇಲೆ, ನಮ್ಮ ಸಾರಿನ ಚಮಚದಲ್ಲಿ. ಹಿಪ್ಪಲಿ ಅಲ್ವಾ, ಜಾಸ್ತಿ ಆದ್ರೂ ಎಂತ ಆಗ್ತದೆ ಅಂತ.”

ನಾನು ಅದನ್ನು ಮರಾಠಿ ಬೆರೆತ ಹಿಂದಿಯಲ್ಲಿ ಹೇಳಿದೆ. ಮೂರು ಹೊತ್ತು, ದೊಡ್ಡ ಚಮಚ, ನಾಲ್ಕು ದಿನ. ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಇದರಲ್ಲಿರುವುದು ಪಿಪೆರಜಿನ್, ದಿನಕ್ಕೆ ಒಂದು ಸಣ್ಣ ಚಮಚ ಸಾಕಿತ್ತು, ಹೆಚ್ಚಾದರೆ ಹೀಗೆ ತೂರಾಡುವುದುಂಟು ಎಂದು ಓದಿದ್ದೇನೆ ಎಂದೂ ಹೇಳಿದೆ. ಒಂದೇ ಒಂದು ಪದವನ್ನು ಬಿಟ್ಟೆ. ಹಿಪ್ಪಲಿ ಎಂಬ ಪದವನ್ನು ನನ್ನ ನಾಲಿಗೆ ದಾಟಿಸಲಿಲ್ಲ.

ಡಾಕ್ಟರ ಮುಖ ಕೆಂಪಾಯಿತು. ಔಷಧಿಯೇನು ಪಾಯಸವೇ, ಓದು ಬಾರದಿದ್ದರೆ ಕೇಳಬಾರದೇ, ಇಂಥ ತಾಯಂದಿರಿಂದಲೇ ಮಕ್ಕಳು ಹೀಗಾಗುವುದು ಎಂದು ಅಕ್ಕನನ್ನು ಬೈದಳು. ಅಕ್ಕ ನನ್ನ ಮುಖ ನೋಡಿದರು. ಆ ಬೈಗುಳವನ್ನೂ ನಾನು ಕನ್ನಡ ಮಾಡಿ ಹೇಳಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು, ಹೌದು ಹೌದು ಎಂದು.

ಔಷಧ ನಿಲ್ಲಿಸಿ, ನೀರು ಚೆನ್ನಾಗಿ ಕುಡಿಸಿ, ಒಂದು ದಿನ ಇಲ್ಲೇ ಇರಲಿ, ಮೂತ್ರದಲ್ಲಿ ಹೋಗಿಬಿಡುತ್ತದೆ ಎಂದಳು ಡಾಕ್ಟರು. ಸಂಜೆಯ ಹೊತ್ತಿಗೆ ಮಗು ಲೋಟವನ್ನು ಎರಡೂ ಕೈಯಲ್ಲಿ ಸರಿಯಾಗಿ ಹಿಡಿಯಿತು. ಅಕ್ಕನ ಗಂಡ ಹೋಟೆಲಿನಿಂದ ಹಾಗೇ ಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಮಗುವಿನ ಪಾದ ಹಿಡಿದು ಕೂತರು. ಅಕ್ಕ ಅವರಿಗೆ ತುಳುವಿನಲ್ಲಿ ಏನೋ ಹೇಳುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ, ತಪ್ಪು ನನ್ನದು ಎನ್ನುತ್ತಿದ್ದಾರೆಂದು ತಿಳಿಯಿತು. ನಾನು ಎದ್ದು ಮನೆಗೆ ಬಂದೆ.

ಸೋಮವಾರ ಸೇಠರೂ ಬರುವ ಮೊದಲೇ ಶೆಡ್ಡಿನ ಮುಂದೆ ನಿಂತಿದ್ದೆ. ದೊಡ್ಡ ಕೆಮಿಸ್ಟರು ಬಂದ ಕೂಡಲೇ ಎಲ್ಲವನ್ನೂ ಹೇಳಿದೆ, ಆ ಪದವನ್ನು ನುಂಗಿದ್ದನ್ನೂ ಬಿಡದೆ. ಅವರು ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ಬೈಯುತ್ತಾರೆಂದು ಕಾದೆ.

“ಮಗು ನಡೀತದೇನು ಈಗ?”

“ನಿನ್ನೆ ರಾತ್ರಿಯೇ ನಡೆದಳಂತೆ ಸರ್. ಅಣ್ಣ ಹೋಗಿ ನೋಡಿ ಬಂದ.”

ಅವರು ಬ್ಯಾಚ್ ಪುಸ್ತಕ ತೆಗೆದರು. ಒಂದು ಬ್ಯಾಚ್ ಹೊರಗೆ ಹೋಗಬೇಕಾದರೆ ಅದರಲ್ಲಿ ಅವರ ಸಹಿ ಬೇಕು. ಹುಬ್ಬಳ್ಳಿಗೆ ಹೋಗಲು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಆ ಬ್ಯಾಚಿನ ಮುಂದೆ ತಾವು ಮಾಡಿದ್ದ ಸಹಿಯ ಮೇಲೆ ಅಡ್ಡಗೆರೆ ಎಳೆದು ‘ತಡೆ’ ಎಂದು ಬರೆದರು. ಮಸಿ ಆರಲು ಊದಿದರು. “ಲಿಟರೇಚರಿಗೆ ಸಹಿ ಹಾಕಿದಂವ ನಾನು. ನಿನ್ನ ಮಾರಿ ಸಣ್ಣದಾಗ್ತದ ಅಂತ ಸುಮ್ಮನಾದೆ. ತೂಕದಾಗ ಮುಲಾಜಿ ಮಾಡೂದಿಲ್ಲ, ಅಕ್ಷರದಾಗ ಮಾಡಿದೆ. ಇಬ್ಬರೂ ಕೂಡಿ ಹೋಗೂಣು ನಡಿ.”

ಸೇಠರು ಮೊದಲು ಕೇಳಿದ್ದು ಮಗುವಿನ ಬಗ್ಗೆಯೇ. ಆಮೇಲೆ ಕಾಗದವನ್ನು ಮುಂದೆ ಹಿಡಿದು, “ಮಗರ್ ಇಸ್‌ಮೇಂ ಝೂಠ್ ಕ್ಯಾ ಹೈ, ಬೇನ್? ತುಮ್‌ನೇ ಹೀ ತೋ ಲಿಖಾ” ಎಂದರು. ಇದರಲ್ಲಿ ಸುಳ್ಳೇನಿದೆ, ಬರೆದದ್ದು ನೀನೇ ಅಲ್ಲವೇ ಎಂದು. ನಾನೇ ಆ ವಾಕ್ಯವನ್ನು ಸುಳ್ಳು ಎನ್ನಲಾಗದ ಹಾಗೆ ಕಟ್ಟಿದ್ದೆ. ಪ್ರಮಾಣವನ್ನು ದಪ್ಪಗೆ ಅಚ್ಚು ಮಾಡಿಸಿದರಾಯಿತು, ಹೆಡ್ಡಿಂಗ್ ಇರಲಿ, ಹುಬ್ಬಳ್ಳಿಯ ಪೆಟ್ಟಿಗೆ ಇವತ್ತೇ ಹೊರಡಲಿ ಎಂದರು ಅವರು. ಮಾತಿನಿಂದ ಆಗುವ ಕೆಲಸ ಇದಲ್ಲ ಎನ್ನಿಸಿತು.

“ಸೇಠ್‌ಜೀ, ಪ್ಯಾಕಿಂಗ್‌ನ ಹೆಂಗಸರನ್ನು ಒಂದು ಐದು ನಿಮಿಷ ಕರೆಸಿ” ಎಂದೆ ಹಿಂದಿಯಲ್ಲಿ.

ಪ್ಯಾಕಿಂಗ್ ಕೋಣೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತರು. ಆ ಬಾಟಲಿಗಳನ್ನು ದಿನವೂ ಕೈಯಾರೆ ಡಬ್ಬಿಗೆ ತುಂಬುವವರು. ನಾನು ಮರಾಠಿ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಆಮೇಲೆ ಕೇಳಿದೆ, ಈ ಔಷಧಿಯಲ್ಲಿ ಏನಿದೆ?

“ಪಿಂಪಳೀ!” ಎಲ್ಲರೂ ಒಂದೇ ದನಿಯಲ್ಲಿ. ಮರಾಠಿಯಲ್ಲಿ ಹಿಪ್ಪಲಿಗೆ ಅದೇ ಹೆಸರು.

ನಿಮ್ಮ ಮಗುವಿಗೆ ಎಷ್ಟು ಕೊಡುತ್ತೀರಿ? ಒಬ್ಬಾಕೆ ಅಂಗೈಯನ್ನು ಬೋಗುಣಿಯಂತೆ ಮಾಡಿ ತೋರಿಸಿದಳು. ಇನ್ನೊಬ್ಬಾಕೆ ನಗುತ್ತ, ತಾನು ಆಗಲೇ ಒಂದು ಬಾಟಲಿ ತೆಗೆದಿರಿಸಿದ್ದೇನೆ, ಅತ್ತೆಯ ಕೆಮ್ಮಿಗೆ ಎಂದಳು.

ಸೇಠರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. “ಮೇರೀ ಮಾ ಭೀ ಯಹೀ ಕರತೀ” ಎಂದರು, ನನ್ನ ತಾಯಿಯೂ ಹೀಗೇ ಮಾಡುತ್ತಿದ್ದಳು ಎಂದು. ತಾವೇ ಎದ್ದು ಹೋಗಿ ಹುಬ್ಬಳ್ಳಿಯ ಮೊದಲ ಪೆಟ್ಟಿಗೆಯ ಹಗ್ಗ ಬಿಚ್ಚಿದರು.

ಅಂದು ಸಂಜೆ ಎದುರು ಮನೆಗೆ ಹೋದೆ. ಮಗು ನೆಲದ ಮೇಲೆ ಕೂತು ಬೆಂಕಿಪೊಟ್ಟಣದ ರೈಲು ಮಾಡುತ್ತಿತ್ತು. ಅಕ್ಕ ಅಕ್ಕಿ ಆರಿಸುತ್ತಿದ್ದರು. ಕೂತುಕೊಳ್ಳದೆಯೇ ಹೇಳಿದೆ. ಕಾಗದ ಬರೆದದ್ದು ನಾನು. ಔಷಧದಲ್ಲಿ ಹಿಪ್ಪಲಿ ಇಲ್ಲ, ಹೆಸರಿನಲ್ಲಿ ಮಾತ್ರ. ಅದು ನನಗೆ ಮೊದಲೇ ಗೊತ್ತಿತ್ತು. ನೀವು ಹಿಪ್ಪಲಿ ಅಂದದ್ದನ್ನು ಡಾಕ್ಟರಿಗೆ ಹೇಳಲಿಲ್ಲ.

ಅಕ್ಕ ಮೊರದಿಂದ ಕೈ ತೆಗೆಯಲಿಲ್ಲ. “ಮದ್ದು ಹೆಚ್ಚು ಕೊಟ್ಟದ್ದು ನಾನೇ. ಅದು ಹೋಗ್ಲಿ. ಆದ್ರೆ ಅಲ್ಲಿ ನೀನು ಒಂದು ಮಾತು ಹೇಳ್ಬಹುದಿತ್ತು. ಅವರ ಎದುರು ನನ್ನನ್ನು ಒಬ್ಳನ್ನೇ ನಿಲ್ಲಿಸಿದೆ ನೀನು.” ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು, “ಈಗ ಹೋಗು. ನನಗೆ ಕೆಲಸ ಉಂಟು” ಎಂದರು.

ಆ ವಾರವೆಲ್ಲ ಅವರ ಬಾಗಿಲು ನನಗೆ ಮುಚ್ಚಿತ್ತು. ಹಗಲು ಹೊತ್ತು ನಾನು ಕಂಪನಿಯ ಮಾರಾಟದ ಪ್ರತಿನಿಧಿಯ ಜೊತೆ ಅಂಗಡಿ ಅಂಗಡಿ ಸುತ್ತಿದೆ. ಸಯನ್, ಮಾಟುಂಗಾ, ದಾದರ್. ಬಾಟಲಿಗಳನ್ನು ವಾಪಸು ತುಂಬಿಕೊಂಡೆವು. ಮಾರಿಹೋದವುಗಳ ವಿಳಾಸವನ್ನು ಅಂಗಡಿಯವರ ನೆನಪಿನಿಂದ ಹೆಕ್ಕಿದೆವು. ಹಾಗೆ ಆಂಟಾಪ್ ಹಿಲ್‌ನ ಒಂದು ಮನೆಗೆ ಹೋದಾಗ, ನಮ್ಮ ಮೈಸೂರು ಕಡೆಯ ಒಬ್ಬ ಅಜ್ಜಿ ಇನ್ನೂ ಮುಚ್ಚಳ ತೆಗೆಯದ ಬಾಟಲಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಕೊಡಲು ಸುತರಾಂ ಒಪ್ಪಲಿಲ್ಲ. “ಹಿಪ್ಪಲಿ ಅಂತ ಓದಿಸಿ ತಾನೇ ತರಿಸಿದ್ದು ಕಣಮ್ಮ. ಬೇರೆ ಔಷಧಿಯಾಗಿದ್ರೆ ಮೊಮ್ಮಕ್ಕಳಿಗೆ ಮುಟ್ಟಿಸ್ತಿದ್ನೇ? ಯಾರೋ ನಮ್ಮೋರೇ ತಿಳಿದೋರು ಬರೆದಿದಾರೆ” ಎಂದರು. ತಿಳಿದವಳು ಎದುರಿಗೇ ನಿಂತಿದ್ದೆ. ಹೊಸ ಬಾಟಲಿ ತಂದುಕೊಡುತ್ತೇನೆಂದು ಮಾತು ಕೊಟ್ಟು ಈಸಿಕೊಂಡು ಬಂದೆ.

ಮನೆಯಲ್ಲಿ ಸಂಜೆ ಹೊಸ ಲಿಟರೇಚರ್ ಬರೆಯಲು ಕೂರುವೆ. ಬರೆಯುವುದು, ಹರಿಯುವುದು. ಶುಕ್ರವಾರ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ನಿಂತಿದ್ದರು. ಕೈಯಲ್ಲಿ ಹಳೆಯ ಕಾಗದ, ಅವರ ಸಾರಿನ ಚಮಚ, ಇನ್ನೊಂದು ಟೀ ಚಮಚ.

“ಇದನ್ನು ಪೂರಾ ಓದಿದೆ ನಾನು. ಅಕ್ಷರ ಅಕ್ಷರ ಕೂಡಿಸಿ” ಎಂದು ಒಳಗೆ ಬಂದು ಕೂತರು. “ಡ್ರಮ್ ಅಂತ ಬರೆದಿದ್ದಿ. ಒಂದು ಎರಡು ಡ್ರಮ್. ಡ್ರಮ್ ಅಂದ್ರೆ ನೀರು ತುಂಬಿಸುದಲ್ವಾ?”

“ಡ್ರಮ್ ಅಲ್ಲ ಅಕ್ಕ, ಡ್ರಾಮ್. ಔಷಧಿಯ ಅಳತೆ. ಒಂದು ಟೀ ಚಮಚದಷ್ಟು.”

“ಯಾರಿಗೆ ಗೊತ್ತುಂಟು ಅದು? ನಿನಗೆ, ನಿನ್ನ ಕೆಮಿಸ್ಟರಿಗೆ. ಇದು ಸೇವಿಸತಕ್ಕದ್ದು ಅಂತ ಬೇರೆ. ನಾವು ಪ್ರಸಾದ ಸೇವಿಸುದು. ಮಕ್ಕಳಿಗೆ ಮದ್ದು ಕುಡಿಸುದು. ಕುಡಿಸಿ ಅಂತ ಬರಿ.” ಎರಡು ಚಮಚಗಳನ್ನೂ ನನ್ನ ಮುಂದಿಟ್ಟರು. “ಚಮಚ ಅಂದ್ರೂ ಸಾಕಾಗುದಿಲ್ಲ. ನಮ್ಮ ಮನೆ ಚಮಚ ಇದು. ನೀನು ಹೇಳುದು ಇದು. ಡಿಸ್ಪೆನ್ಸರಿಯ ಕಂಪೌಂಡರ್ ಮಿಕ್ಸ್ಚರ್ ಬಾಟ್ಲಿಗೆ ಕಾಗದದ ಪಟ್ಟಿ ಅಂಟಿಸಿ ಕೊಡ್ತಾನಲ್ಲ, ಹಲ್ಲು ಹಲ್ಲು ಕತ್ತರಿಸಿ, ಒಂದು ಹಲ್ಲಿಗೆ ಒಂದು ಸಲ ಅಂತ. ಅದನ್ನು ಮಾಡ್ಲಿಕ್ಕೆ ನಿಮ್ಮ ಕಂಪನಿಗೆ ಎಂತ ಕಷ್ಟ?”

ನಾನು ಪೆನ್ಸಿಲ್ ಹಿಡಿದು ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡೆ. ಒಂದೊಂದು ಸಾಲು ಮುಗಿದಾಗಲೂ ಅವರಿಗೇ ಓದಲು ಕೊಟ್ಟೆ. ಅವರು ತಡವರಿಸಿದ ಕಡೆಯೆಲ್ಲ ಪದ ಬದಲಿಸಿದೆ. ಅತ್ತಿಗೆ ಕಾಫಿ ತಂದಿಟ್ಟಳು. ಅಕ್ಕ ಕಾಫಿ ಕುಡಿಯುತ್ತ, “ನೀನು ಬಂದು ಹೇಳಿದ್ದಿಯಲ್ಲ, ಅದಕ್ಕೆ ಬಂದೆ” ಎಂದರು. ಅದರ ಬಗ್ಗೆ ನಮ್ಮಿಬ್ಬರ ನಡುವೆ ಆದ ಕೊನೆಯ ಮಾತು ಅದು.

ಆ ಕಾಗದವನ್ನೂ ಎರಡು ಚಮಚಗಳನ್ನೂ ದೊಡ್ಡ ಕೆಮಿಸ್ಟರ ಮುಂದಿಟ್ಟು ಅವುಗಳ ಕಥೆ ಹೇಳಿದೆ. ಅವರು ಎರಡೂ ಚಮಚದಲ್ಲಿ ಸಿರಪ್ ಸುರಿದು ಅಳೆದು ನೋಡಿ, “ಆಕೀನ್ನ ನಮ್ಮ ಲ್ಯಾಬಿಗೆ ತಗೋಬೇಕು ನೋಡು” ಎಂದರು. ಪಟ್ಟಿಯ ಹಲ್ಲುಗಳ ಅಳತೆಯನ್ನು ತಾವೇ ಕೂತು ಗುರುತು ಮಾಡಿದರು. ಬಾಟಲಿಗೆ ಒಂದೊಂದೇ ಚಮಚ ನೀರು ಹಾಕುವುದು, ಗೆರೆ ಎಳೆಯುವುದು. ಬಾಟಲಿಯ ತಳ ಒಳಕ್ಕೆ ಉಬ್ಬಿದ್ದುದರಿಂದ ಕೊನೆಯ ಹಲ್ಲು ಉಳಿದವುಗಳಿಗಿಂತ ಉದ್ದವಾಯಿತು. ಪ್ಯಾಕಿಂಗ್‌ನ ಹೆಂಗಸರು ಮಾದರಿ ಇಟ್ಟುಕೊಂಡು ಕತ್ತರಿಯಲ್ಲಿ ಪಟ್ಟಿ ಕತ್ತರಿಸಿ ಅಂಟಿಸಿದರು. ಪ್ರೆಸ್ಸಿನಲ್ಲಿ ಕನ್ನಡದ ಅಚ್ಚುಮೊಳೆ ಜೋಡಿಸುವಾತ ಹೊಸ ಕಾಗದ ನೋಡಿ, ಹೆಡ್ಡಿಂಗ್ ಎಲ್ಲಿ ಎಂದು ಕೇಳಿದ. “ದಿನಕ್ಕೆ ಒಂದೇ ಸಲ ಕುಡಿಸಿ” ಎಂಬ ಸಾಲನ್ನು ತೋರಿಸಿದೆ. ಅವನಲ್ಲಿದ್ದ ಅತಿ ದಪ್ಪ ಮೊಳೆಯಲ್ಲಿ ಅದನ್ನು ಜೋಡಿಸಿದ. ಹಿಪ್ಪಲಿಯ ಚಿತ್ರದ ಅಚ್ಚು ಬೇಡವಾಯಿತು. ಹಿಪ್ಪಲಿಯ ಹಳೆಯ ಸಾಲನ್ನೂ ಎಲ್ಲ ಭಾಷೆಗಳಿಂದ ತೆಗೆದುಹಾಕಿದೆವು. ಅದು ಹೋದದ್ದಕ್ಕೆ ನನಗೆ ಸ್ವಲ್ಪ ನೋವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ನಾನು ಬರೆದ ಸಾಲುಗಳಲ್ಲಿ ಇಂದಿಗೂ ಅದೇ ಚಂದ.

ಹೊಸ ಬ್ಯಾಚಿನ ಬಾಟಲಿ ಮೊದಲು ಆಂಟಾಪ್ ಹಿಲ್‌ನ ಅಜ್ಜಿಗೆ ಹೋಯಿತು. ಎರಡನೆಯದು ನಮ್ಮ ಬಿಲ್ಡಿಂಗಿಗೆ ಬಂತು. ಅಕ್ಕನ ಮಗಳಿಗೆ ಆ ಔಷಧಿ ಮತ್ತೆ ಬೇಕಾಗಿರಲಿಲ್ಲ. ಅಷ್ಟು ಕುಡಿದ ಮೇಲೆ ಹುಳ ಉಳಿಯುವುದುಂಟೆ? ಮೂರನೇ ಮಹಡಿಯ ಮನೆಯೊಂದರವರು ಕೇಳಿದ್ದರು. ಅದನ್ನು ಅಕ್ಕನ ಕೈಯಲ್ಲಿ ಕೊಟ್ಟು ನಾನು ಒಳಗೆ ಹೋಗಿದ್ದೆ.

ಸ್ವಲ್ಪ ಹೊತ್ತಿಗೆ ನೀರು ಹಿಡಿಯಲೆಂದು ಕೊಡ ಎತ್ತಿಕೊಂಡು ಮೆಟ್ಟಿಲಿಳಿದರೆ ಕೆಳಗೆ ನಲ್ಲಿಯ ಹತ್ತಿರ ಅಕ್ಕನ ದನಿ ಕೇಳಿತು. ನಾಲ್ಕೈದು ಹೆಂಗಸರು ಸುತ್ತ ನಿಂತಿದ್ದರು. ಕನ್ನಡದವರು, ಒಬ್ಬಿಬ್ಬರು ಕೊಂಕಣಿಯವರು. ಅಕ್ಕ ಬಾಟಲಿಯನ್ನು ಎತ್ತಿ ಹಿಡಿದು ಪಟ್ಟಿಯ ಹಲ್ಲುಗಳನ್ನು ಬೆರಳಿನಿಂದ ತೋರಿಸುತ್ತಿದ್ದರು. “ಇಷ್ಟು. ದಿನಕ್ಕೆ ಒಂದೇ ಸಲ. ಸಿಹಿ ಉಂಟು ಅಂತ ಮಕ್ಕಳು ಇನ್ನೂ ಕೇಳ್ತಾವೆ, ಕೊಡ್ಲಿಕ್ಕಿಲ್ಲ. ನನ್ನ ಮಗಳ ಕಥೆ ಗೊತ್ತುಂಟಲ್ಲ?”

“ಹೌದಾ, ಇದರಲ್ಲಿ ಹಿಪ್ಪಲಿ ಇದೆಯಂತಲ್ಲ?” ಎಂದರು ಒಬ್ಬರು.

“ಇಲ್ಲ. ಒಂದು ಚೂರೂ ಇಲ್ಲ. ಹೆಸರು ಮಾತ್ರ.”

“ಇಲ್ಲದ್ದರ ಹೆಸರು ಯಾಕೆ ಇಟ್ಟದ್ದು ಮತ್ತೆ?”

ಅಕ್ಕ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಪಡಿಸಿಕೊಂಡು ನಿಂತರು. ಹಿಪ್ಪಲಿ ಹಡಗು ಹತ್ತಿ ಪರದೇಶಕ್ಕೆ ಹೋದದ್ದು, ಅಲ್ಲಿಯವರು ಅದನ್ನು ಕರೆದ ಬಗೆ, ಅವರ ನಾಲಿಗೆ ಹೊರಳದೆ ಮಾತು ಬದಲಾದದ್ದು, ಮೆಣಸಿಗೂ ಅದೇ ಹೆಸರಾದದ್ದು, ಮೆಣಸಿನಿಂದ ತೆಗೆದ ಒಂದು ವಸ್ತುವಿಗೆ, ಆ ವಸ್ತುವನ್ನು ಹೋಲುವ ಇನ್ನೊಂದಕ್ಕೆ ಅದೇ ಹೆಸರು ಅಂಟಿಕೊಂಡದ್ದು. ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದರು. ಆ ಶುಕ್ರವಾರ ಕಾಫಿ ಕುಡಿಯುತ್ತ ಅವರು ಕೇಳಿದ್ದಕ್ಕೆ ನಾನು ಇದನ್ನು ಹೇಳಿದ್ದೆ, ಒಂದೇ ಸಲ. “ಹಿಪ್ಪಲಿ ನಮ್ಮ ಡಬ್ಬಿಯಲ್ಲೇ ಉಳಿಯಿತು. ಊರೂರು ತಿರುಗಿ ಬಂದದ್ದು ಹೆಸರು. ಗೊತ್ತಾಯ್ತಾ? ಈಗ ಹೇಳಿ, ದಿನಕ್ಕೆ ಎಷ್ಟು ಸಲ?”

“ಒಂದೇ ಸಲ” ಎಂದರು ಹೆಂಗಸರು.

ನಾನು ಕೊಡ ಹಿಡಿದು ಮೆಟ್ಟಿಲ ಮೇಲೆಯೇ ನಿಂತಿದ್ದೆ. ತಿದ್ದುವಂಥದ್ದು ಏನೂ ಇರಲಿಲ್ಲ.